ಶುಶ್ರೂಷೆಯ ಒರೆಗಲ್ಲು

ಕಾಯಕವೆಂಬ ಮಾತನ್ನು ಆಡದ ಬಾಯಿ ಇಂದು ಕನ್ನಡ ನಾಡಿನಲ್ಲಿ ವಿರಳ. ಆದರೆ ಬಳಕೆ ಹೆಚ್ಚಿದಂತೆಲ್ಲ ಮಾತಿನ ಅರ್ಥ ಸವೆಯುವುದು ಲೋಕಸ್ವಭಾವವಷ್ಟೆ. ಕಾಯಕವೆಂದರೆ ಸಂಬಳದ ಉದ್ಯೋಗ, ಉದ್ಯೋಗಕ್ಕೆ ಮೂಲ ಪದವಿ, ಪದವಿಗೆ ಮೂಲ ಪರೀಕ್ಷೆಯ ಫಲ ಎಂದು ಒಂದರ ಮೇಲೊಂದನ್ನು ಪೇರಿಸಿ, ಕಡೆಗೆ ಪರೀಕ್ಷೆಯಲ್ಲಿ ತೇರ್ಗಡೆಯಾದವನೇ ಯೋಗ್ಯ, ತೇರ್ಗಡೆಯಾಗದವನು ಯಾವುದಕ್ಕೂ ಬಾರದವನು ಎಂಬ ತೀರ್ಮಾನಕ್ಕೆ ಜನರು ಬಂದು ನಿಂತಿದ್ದಾರೆ. ಹನ್ನೆರಡನೆಯ ಶತಮಾನದ ಶರಣರು ಕಾಯಕಕ್ಕೆ ಇತ್ತ ಅರ್ಥ ಇದಲ್ಲ. ಹಾಗೆಂದು ಪರೀಕ್ಷೆಯೇ ಬೇಡವೆಂದು ಸಾರಿದವರೂ ಅವರಲ್ಲ. ಅನುಭವಮಂಟಪದಲ್ಲಿ ಒರೆಗೆ ಹಚ್ಚಿಸಿಕೊಳ್ಳದ ನುಡಿಗೂ ನಡೆಗೂ ಎಡೆಯಿರಲಿಲ್ಲ. ಒರೆಗಲ್ಲನ್ನು ಹಳಿಯಬಾರದು, ಒರೆಯಲ್ಲಿ ಕುಂದು ಕಂಡಿತೆಂದು ಚಿನ್ನವನ್ನು ಬೀದಿಗೆ ಎಸೆಯಲೂ ಬಾರದು. ಈ ಎರಡರ ನಡುವಣ ವಿವೇಕವನ್ನು ತಿಳಿಯಬಯಸುವವರಿಗೆ ರೋಗಿಗಳ ಶುಶ್ರೂಷೆಯ ಕಾಯಕಕ್ಕಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ.

ಮೊದಲಿಗೆ ಆ ಪದವನ್ನೇ ನೋಡಬೇಕು. ಸಂಸ್ಕೃತದಲ್ಲಿ 'ಶ್ರು' ಎಂಬ ಧಾತುವಿಗೆ ಕೇಳು ಎಂದರ್ಥ. ಅದಕ್ಕೆ ಇಚ್ಛೆಯನ್ನು ತಿಳಿಸುವ 'ಸನ್' ಪ್ರತ್ಯಯ ಸೇರಿದಾಗ 'ಶುಶ್ರೂಷಾ' ಎಂಬ ರೂಪ ಸಿದ್ಧವಾಗುತ್ತದೆ. ಕೇಳಬೇಕೆಂಬ ಬಯಕೆಯೇ ಅದರ ಮೊದಲ ಅರ್ಥ. ಗುರುವಿನ ಮಾತನ್ನು ಕೇಳಬಯಸುವವನು ಗುರುವಿನ ಬಳಿಯಲ್ಲಿದ್ದು ಸೇವೆ ಮಾಡುತ್ತಿದ್ದನಾದ ಕಾರಣ ಸೇವೆಯೆಂಬ ಅರ್ಥ ತರುವಾಯ ಬಂದು ಸೇರಿತು. ಕನ್ನಡದಲ್ಲಿ ಅದು ರೋಗಿಯ ಆರೈಕೆಗೆ ನೆಲೆನಿಂತಿತು. ರೋಗಿಯ ನರಳಿಕೆಯನ್ನು, ಅವನ ಉಸಿರಿನ ಸಪ್ಪಳವನ್ನು, ಅವನು ಬಾಯಿಬಿಟ್ಟು ಹೇಳಲಾರದ ನೋವನ್ನು ಕೇಳಬಲ್ಲವಳೇ ಶುಶ್ರೂಷಕಿ. ಊರ ಜನ ಅವಳನ್ನು ದಾದಿಯೆಂದರೂ ಸರಿ, ನರ್ಸಮ್ಮನೆಂದರೂ ಸರಿ, ಸಿಸ್ಟರೆಂದರೂ ಸರಿ, ಅವಳ ಕಾಯಕದ ಬೇರು ಕೇಳುವಿಕೆಯಲ್ಲಿದೆ. ಈ ಒಂದು ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ವಿಚಾರಕ್ಕೆ ಬರಬೇಕು.

ಕರ್ನಾಟಕದಲ್ಲಿ ಶುಶ್ರೂಷಕಿಯಾಗಬಯಸುವವರಿಗೆ ಇಂದು ಮುಖ್ಯವಾಗಿ ಎರಡು ದಾರಿಗಳಿವೆ. 3 ವರ್ಷಗಳ ಜಿ.ಎನ್.ಎಂ. ಡಿಪ್ಲೊಮಾ ಒಂದು, 4 ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಪದವಿ ಮತ್ತೊಂದು. ರಾಜ್ಯದ ಹೆಚ್ಚಿನ ಕಾಲೇಜುಗಳ ಪದವಿ ಪರೀಕ್ಷೆಯನ್ನು 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ನಡೆಸುತ್ತದೆ. ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ರಾಜ್ಯದ ನೋಂದಣಿ ಪುಸ್ತಕದಲ್ಲಿ ಹೆಸರು ಬರೆಸಿದ ಮೇಲೆಯೇ ರೋಗಿಯ ಹಾಸಿಗೆಯ ಬಳಿ ಸ್ವತಂತ್ರವಾಗಿ ನಿಲ್ಲುವ ಅಧಿಕಾರ. ಇಷ್ಟರಿಂದಲೇ ಈ ನಾಡಿನಲ್ಲಿ ಕಾಯಕ ಆರಂಭವಾಗಬಹುದು. ಆದರೆ ಕಡಲಾಚೆ ಹೋಗಿ ದುಡಿಯಬೇಕೆಂಬವರಿಗೆ ಮತ್ತೊಂದು ಹೊಸ್ತಿಲಿದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಶುಶ್ರೂಷಕಿಯಾಗಿ ದುಡಿಯಲು ಎನ್‌ಕ್ಲೆಕ್ಸ್ ಎಂಬ ಲೈಸೆನ್ಸ್ ಪರೀಕ್ಷೆಯಲ್ಲಿ ಉತ್ತೀರ್ಣರಾಗಲೇಬೇಕು. ಬೆಂಗಳೂರಿನಲ್ಲಿಯೇ ಕುಳಿತು ಅದನ್ನು ಬರೆಯುವ ಏರ್ಪಾಡು ಇರುವುದರಿಂದ ಕನ್ನಡ ನಾಡಿನ ಹಳ್ಳಿಗಳ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಅದರತ್ತ ಮುಖ ಮಾಡಿದ್ದಾರೆ.

ಈ ಪರೀಕ್ಷೆಯ ರೀತಿ ಶಾಲೆ ಕಾಲೇಜುಗಳ ಪರೀಕ್ಷೆಯಂತಲ್ಲ. 1994ರಿಂದ ಅದು ಗಣಕಯಂತ್ರದ ಮುಂದೆ ನಡೆಯುತ್ತಿದೆ. ಒಂದು ಪ್ರಶ್ನೆಗೆ ಸರಿಯುತ್ತರ ಬಂದರೆ ಯಂತ್ರವು ಮುಂದೆ ಕಠಿಣತರವಾದ ಪ್ರಶ್ನೆಯನ್ನು ಒಡ್ಡುತ್ತದೆ. ತಪ್ಪಿದರೆ ಕೊಂಚ ಸುಲಭವಾದುದನ್ನು ಕೊಡುತ್ತದೆ. 2023ರ ಏಪ್ರಿಲ್‌ನಲ್ಲಿ ಬಂದ ಹೊಸ ಕ್ರಮದಂತೆ ಕನಿಷ್ಠ 85, ಗರಿಷ್ಠ 150 ಪ್ರಶ್ನೆಗಳು. ಅವಧಿ 5 ಗಂಟೆ. ಬಲ್ಲವಳಿಗೆ ಪ್ರಶ್ನೆಗಳು ಕಠಿಣವಾಗುತ್ತಲೇ ಹೋಗುವುದರಿಂದ, ಉತ್ತೀರ್ಣಳಾಗಲಿರುವವಳಿಗೂ ತಾನು ಸೋಲುತ್ತಿದ್ದೇನೆಂಬ ಭಾವನೆ ನಡುವೆ ಬರುವುದು ಸಹಜ. ಇದನ್ನರಿಯದೆ ಅರ್ಧದಲ್ಲಿಯೇ ಧೈರ್ಯಗೆಡುವವರು ಹಲವರು. ಕೊನೆಗೆ ಅಂಕಗಳನ್ನು ತಿಳಿಸುವ ಪದ್ಧತಿಯಿಲ್ಲ. ಉತ್ತೀರ್ಣ ಅಥವಾ ಅನುತ್ತೀರ್ಣ ಎಂಬ ಒಂದೇ ಮಾತು. ಅನುತ್ತೀರ್ಣರಿಗೆ ಮಾತ್ರ ಒಂದು ವರದಿ ಬರುತ್ತದೆ. ಯಾವ ಯಾವ ವಿಭಾಗದಲ್ಲಿ ಅಭ್ಯರ್ಥಿಯು ಬೇಕಾದ ಮಟ್ಟಕ್ಕಿಂತ ಮೇಲಿದ್ದಾಳೆ, ಮಟ್ಟದ ಸಮೀಪದಲ್ಲಿದ್ದಾಳೆ, ಕೆಳಗಿದ್ದಾಳೆ ಎಂಬುದನ್ನು ಅದು ತಿಳಿಸುತ್ತದೆ. ಮತ್ತೆ ಬರೆಯಬೇಕಾದರೆ ಕನಿಷ್ಠ 45 ದಿನಗಳು ಕಾಯಬೇಕು. ನೋಂದಣಿಗೆ 200 ಡಾಲರು, ಅಮೆರಿಕದ ಹೊರಗೆ ಕುಳಿತು ಬರೆಯುವವರಿಗೆ ಇನ್ನೂ 150 ಡಾಲರು; ಒಂದು ಸಲಕ್ಕೆ ಸುಮಾರು 30,000 ರೂಪಾಯಿ ಕೈಬಿಡುತ್ತದೆ.

ಇನ್ನು ಇದರ ಭಾರ ಒಂದು ಮನೆಯ ಮೇಲೆ ಹೇಗೆ ಬೀಳುವುದೆಂಬುದನ್ನು ನೋಡಬೇಕು. ಮಂಡ್ಯ ತಾಲ್ಲೂಕಿನ ದುದ್ದದಂತಹ ಹೋಬಳಿಯ ಊರಿನ ಒಬ್ಬ ಹೆಣ್ಣುಮಗಳನ್ನು ಕಲ್ಪಿಸಿಕೊಂಡರೆ ವಿಷಯ ತಿಳಿಯಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವಳು. ಮಂಡ್ಯಕ್ಕೆ ಬಸ್ಸಿನಲ್ಲಿ ಓಡಾಡಿ ಕಲಿತವಳು. ಪದವಿ ಪಡೆದು ಆಸ್ಪತ್ರೆಯೊಂದರಲ್ಲಿ ರಾತ್ರಿಯ ಪಾಳಿ ಮಾಡುತ್ತಿರುವವಳು. ತಂದೆ ಬೆಳೆಯ ಮೇಲೆ ಸಾಲ ತೆಗೆದು ಪರೀಕ್ಷೆಯ ಹಣ ಕಟ್ಟಿದ್ದಾನೆ. ಮೊದಲ ಸಲ ಆಗಲಿಲ್ಲ. ಮನೆಯವರು ಸಮಾಧಾನ ಹೇಳಿದರು. ಎರಡನೆಯ ಸಲವೂ ಆಗಲಿಲ್ಲ. ಮನೆಯವರು ಸುಮ್ಮನಾದರು. ಮೂರನೆಯ ಸಲದ ಹೊತ್ತಿಗೆ ನೀರು ತರಲು ಹೋದರೂ ಪ್ರಶ್ನೆ, ಮದುವೆಯ ಮನೆಗೆ ಹೋದರೂ ಪ್ರಶ್ನೆ. "ಏನವ್ವ, ಈ ಸತಿನಾದ್ರೂ ಪಾಸಾಯ್ತಾ? ಅಮೆರಿಕಕ್ಕೆ ಯಾವಾಗ?" ಎಂದು ಕೇಳುವವರಲ್ಲಿ ಕೆಡುಕು ಬಯಸುವವರು ಯಾರೂ ಇಲ್ಲ. ಆದರೂ ಆ ಮಾತು ಅವಳಿಗೆ ಮುಳ್ಳಿನಂತೆ ತಾಗುತ್ತದೆ. ಮೂರನೆಯ ಸಲವೂ ಅನುತ್ತೀರ್ಣವೆಂದು ತಿಳಿದ ದಿನ ಅವಳು ತಾಯಿಗೆ, "ಇನ್ನೂ ಬಂದಿಲ್ಲ ಕಣವ್ವ" ಎಂದು ಹೇಳಿ ಒಳಗೆ ಹೋಗುತ್ತಾಳೆ. ಸುಳ್ಳನ್ನರಿಯದ ಬಾಯಿ ಸುಳ್ಳಾಡಿದ್ದು ದುರಾಸೆಯಿಂದಲ್ಲ, ನಾಚಿಕೆಯಿಂದ. ವರದಿಯ ಕಾಗದವನ್ನು ಅವಳು ಬಿಡಿಸಿಯೂ ನೋಡುವುದಿಲ್ಲ. ಮೊದಲೆರಡು ವರದಿಗಳಿಗೂ ಅದೇ ಗತಿಯಾಗಿತ್ತು.

ಸೋಲಿಗಿಂತ ಈ ಮರೆಮಾಚುವಿಕೆಯೇ ಹೆಚ್ಚು ಅಪಾಯಕರ. ಏಕೆಂದರೆ ನಾಚಿಕೆಯು ಮೊದಲು ಮುಚ್ಚುವುದು ಬಾಯನ್ನು. ಆಮೇಲೆ ಮುಚ್ಚುವುದು ಕಿವಿಯನ್ನು. ಕಿವಿ ಮುಚ್ಚಿದ ಮೇಲೆ ಶುಶ್ರೂಷೆಯೆಲ್ಲಿ?

ಇಲ್ಲಿ ಎರಡು ವಿಧವಾದ ತಪ್ಪು ತಿಳಿವಳಿಕೆಗಳು ಎದುರಾಗುತ್ತವೆ. ಪರೀಕ್ಷೆಯೆಂಬುದೇ ಮೋಸ, ಕೆಲಸ ಬಲ್ಲವಳಿಗೆ ಪರೀಕ್ಷೆಯೇತಕ್ಕೆ ಎಂಬುದು ಒಂದು. ಮೂರು ಸಲ ಸೋತವಳು ಶುಶ್ರೂಷೆಗೇ ಅಯೋಗ್ಯಳೆಂಬುದು ಮತ್ತೊಂದು. ಈ ಎರಡಕ್ಕೂ ಉತ್ತರವನ್ನು ಪ್ರಾಚೀನವಾದ ಆಯುರ್ವೇದ ಗ್ರಂಥದಲ್ಲಿ ಕಾಣಬಹುದು. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧದ್ರವ್ಯ, ಉಪಸ್ಥಾತೃ ಮತ್ತು ರೋಗಿ. ಉಪಸ್ಥಾತೃವೆಂದರೆ ಬಳಿಯಲ್ಲಿದ್ದು ಉಪಚರಿಸುವವನು. ಅವನನ್ನು ವೈದ್ಯನ ಆಳೆಂದು ಎಣಿಸದೆ, ಚಿಕಿತ್ಸೆಯ ನಾಲ್ಕು ಕಾಲುಗಳಲ್ಲಿ ಒಂದಾಗಿ ಎಣಿಸಿರುವುದನ್ನು ಗಮನಿಸತಕ್ಕದ್ದು. ಅವನಿಗೂ ನಾಲ್ಕು ಗುಣಗಳು ಹೇಳಲ್ಪಟ್ಟಿವೆ. ಉಪಚಾರಜ್ಞತೆ, ಎಂದರೆ ಉಪಚಾರದ ತಿಳಿವು. ದಾಕ್ಷ್ಯ, ಎಂದರೆ ಕೈಯ ಚುರುಕು ಮತ್ತು ಎಚ್ಚರ. ಅನುರಾಗ, ಎಂದರೆ ತನ್ನ ಪಾಲಿಗೆ ಬಂದವರಲ್ಲಿ ಪ್ರೀತಿ. ಶೌಚ, ಎಂದರೆ ಒಳಗಿನ ಹೊರಗಿನ ಶುಚಿತ್ವ.

ಈ ನಾಲ್ಕರಲ್ಲಿ ಪರೀಕ್ಷೆಯ ಕೈಗೆ ಸಿಗುವುವು ಯಾವುವು? ತಿಳಿವು ಸಿಗುತ್ತದೆ, ದಕ್ಷತೆಯೂ ಬಹುಮಟ್ಟಿಗೆ ಸಿಗುತ್ತದೆ. ಅನುರಾಗವನ್ನೂ ಅಂತರಂಗದ ಶುಚಿಯನ್ನೂ ಯಾವ ಪ್ರಶ್ನಪತ್ರಿಕೆಯೂ ಅಳೆಯಲಾರದು. ಪಶ್ಚಿಮ ದೇಶದಲ್ಲಿ ಈ ವಿಷಯವಾಗಿಯೇ ದೊಡ್ಡ ವಾದ ನಡೆದುಹೋಗಿದೆ. ಕ್ರಿಮಿಯಾ ಯುದ್ಧದಲ್ಲಿ ಗಾಯಗೊಂಡವರ ಆರೈಕೆಗಾಗಿ 1854ರಲ್ಲಿ ಹೊರಟ ಫ್ಲಾರೆನ್ಸ್ ನೈಟಿಂಗೇಲ್, 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುಶ್ರೂಷಕಿಯರ ಶಾಲೆಯನ್ನು ತೆರೆಯಿಸಿದ ಆ ಮಹಾತಾಯಿ, ಪರೀಕ್ಷೆ ನಡೆಸಿ ಸರಕಾರದ ಪುಸ್ತಕದಲ್ಲಿ ಹೆಸರು ಬರೆಯುವ ಪದ್ಧತಿಯನ್ನು ವಿರೋಧಿಸಿದಳು. ಶುಶ್ರೂಷಕಿಯ ಶೀಲವನ್ನು ಪರೀಕ್ಷೆಯಿಂದ ಅರಿಯಲಾಗದೆಂಬುದು ಅವಳ ವಾದ. ಅವಳಿಗೆ ಎದುರಾಗಿ ನಿಂತವಳು ಎಥೆಲ್ ಬೆಡ್‌ಫರ್ಡ್ ಫೆನ್‌ವಿಕ್. ತರಬೇತಿಯಿಲ್ಲದವರು ಶುಶ್ರೂಷಕಿಯರೆಂದು ಹೇಳಿಕೊಂಡು ರೋಗಿಯ ಬಳಿ ಬರದಂತೆ ತಡೆಯಬೇಕಾದರೆ ಒಂದು ನಿಯಮ, ಒಂದು ಪರೀಕ್ಷೆ, ಒಂದು ಪಟ್ಟಿ ಇರಲೇಬೇಕೆಂದು 1887ರಿಂದ ಅವಳು ಹೋರಾಡಿದಳು. ನೈಟಿಂಗೇಲ್ 1910ರಲ್ಲಿ ತೀರಿಕೊಂಡಳು. 1919ರಲ್ಲಿ ಇಂಗ್ಲೆಂಡಿನಲ್ಲಿ ನೋಂದಣಿಯ ಕಾನೂನು ಬಂದಿತು. ಆ ಪುಸ್ತಕದಲ್ಲಿ ಮೊದಲನೆಯ ಹೆಸರು ಫೆನ್‌ವಿಕ್‌ಳದೇ ಆಯಿತು. ಭಾರತದಲ್ಲಿ 1947ರಲ್ಲಿ ಶುಶ್ರೂಷಾ ಪರಿಷತ್ತಿನ ಕಾಯಿದೆಯಾಯಿತು. ಈ ರಾಜ್ಯಕ್ಕೆ 1961ರ ಕಾಯಿದೆ ಬಂದಿತು.

ಹಾಗಾದರೆ ಇಬ್ಬರಲ್ಲಿ ಯಾರ ಮಾತು ಸರಿ? ಚರಕನ ನಾಲ್ಕು ಗುಣಗಳನ್ನು ಮುಂದಿಟ್ಟುಕೊಂಡು ನೋಡಿದರೆ ಇಬ್ಬರ ಮಾತೂ ಸರಿಯೆಂದು ತೋರುತ್ತದೆ. ಪ್ರೀತಿಯೊಂದಿದ್ದು ತಿಳಿವಿಲ್ಲದಿದ್ದರೆ ಏನಾದೀತು? ವೈದ್ಯರು ಅರ್ಧ ಮಿಲಿಗ್ರಾಂ ಎಂದು ಅಂಕಿಯಲ್ಲಿ ಬರೆದಾಗ ಐದರ ಹಿಂದಿರುವ ಚುಕ್ಕೆ ಕಣ್ಣಿಗೆ ಬೀಳದಿದ್ದರೆ ರೋಗಿಯ ಮೈಗೆ ಹತ್ತುಪಟ್ಟು ಮದ್ದು ಸೇರುತ್ತದೆ. ಎಷ್ಟು ಪ್ರೀತಿಯಿಂದ ಕೊಟ್ಟರೂ ಹತ್ತುಪಟ್ಟು ಹತ್ತುಪಟ್ಟೇ. ಆದುದರಿಂದ ಪರೀಕ್ಷೆಯ ಹಿಂದೆ ಯಾರೋ ಕಾಣದ ಅಧಿಕಾರಿ ಕುಳಿತಿದ್ದಾನೆಂದು ಭಾವಿಸಬಾರದು. ಮಾತನಾಡಲಾರದ ಒಬ್ಬ ರೋಗಿ ಮಲಗಿದ್ದಾನೆಂದು ಭಾವಿಸಬೇಕು. ಶರಣರ ದೃಷ್ಟಿಯಲ್ಲಿ ಅವನು ಜಂಗಮಸ್ವರೂಪ. ಅವನ ಹಿತಕ್ಕಾಗಿ ಇಟ್ಟ ಒರೆಗಲ್ಲನ್ನು ಹಳಿಯುವುದು ಕಾಯಕದ ಧರ್ಮವಲ್ಲ. ಆದರೆ ಒರೆಯಲ್ಲಿ ಕಂಡ ಕುಂದು ತಿಳಿವಿನದು, ಇಲ್ಲವೆ ಆ ದಿನದ ದಕ್ಷತೆಯದು. ಅನುರಾಗದ ಮೇಲಾಗಲಿ ಶುಚಿಯ ಮೇಲಾಗಲಿ ಆ ಕಲ್ಲು ಒಂದು ಗೆರೆಯನ್ನೂ ಎಳೆದಿಲ್ಲ. ಎರಡು ಗುಣಗಳ ಬಗೆಗೆ ಬಂದ ತೀರ್ಪನ್ನು ನಾಲ್ಕಕ್ಕೂ ಹಚ್ಚಿಕೊಂಡು, ತನ್ನನ್ನೇ ತಾನು ಅಯೋಗ್ಯಳೆಂದು ಕರೆದುಕೊಳ್ಳುವುದು ಲೆಕ್ಕದಲ್ಲಿ ಮಾಡಿದ ತಪ್ಪು, ಅದನ್ನು ವಿನಯವೆನ್ನಲಾಗದು.

"ಇನ್ನೂ ಆಗಿಲ್ಲ" ಎಂಬ ಮಾತನ್ನು ಕೇಳಿಸಿಕೊಂಡವರು ಸಾಮಾನ್ಯರು ಮಾತ್ರವಲ್ಲ. ಸೊನ್ನಲಿಗೆಯ ಸಿದ್ಧರಾಮನ ಚರಿತ್ರೆಯನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ನಿರೂಪಿಸಿದೆ. ಕೆರೆ ಕಟ್ಟೆಗಳನ್ನು ಕಟ್ಟಿಸಿದ, ಸಾವಿರಾರು ಜನಕ್ಕೆ ನೆರಳಾದ ಮಹಾನುಭಾವ ಅವನು. ಅಂತಹವನ ಊರಿಗೆ ಅಲ್ಲಮಪ್ರಭು ಬಂದು, ಊರೆಲ್ಲ ಕೊಂಡಾಡುವವನನ್ನು ಮಣ್ಣು ಹೊರುವ ಒಡ್ಡನೆಂದು ಕರೆದ. ಕೆಲಸಗಾರರು ರೇಗಿ ಕಲ್ಲೆಸೆದರು. ಸಿದ್ಧರಾಮನಿಗೂ ಕೋಪ ಬಂದಿತು. ಪರೀಕ್ಷೆಗೆ ಒಳಗಾದವನ ಮೊದಲ ಪ್ರತಿಕ್ರಿಯೆ ಕೋಪವೇ ಎಂಬುದನ್ನು ಆ ಗ್ರಂಥ ಮರೆಮಾಚಿಲ್ಲ. ಆದರೆ ಅವನ ಹಿರಿಮೆಯಿರುವುದು ಮುಂದಿನ ನಡೆಯಲ್ಲಿ. ಕೋಪ ಇಳಿದ ಮೇಲೆ ಅವನು ಕೇಳಲು ಸಿದ್ಧನಾದ. ಕೆರೆ ಕಟ್ಟಿದ್ದು ತಪ್ಪಲ್ಲ, ಕೆರೆಯೊಡನೆ ಬೆಳೆದ 'ನಾನು' ಎಂಬುದು ಅಡ್ಡಿಯೆಂಬ ಮರ್ಮ ಅವನಿಗೆ ತಿಳಿಯಿತು. ಕಲ್ಯಾಣಕ್ಕೆ ಹೋದ, ತನಗಿಂತ ಕಿರಿಯನಾದ ಚೆನ್ನಬಸವಣ್ಣನಿಂದ ದೀಕ್ಷೆ ಪಡೆದ, ತರುವಾಯ ಶೂನ್ಯಸಿಂಹಾಸನವನ್ನೇ ಏರಿದ. ಅವನ ಕೆರೆ ಎಲ್ಲಿಯೂ ಹೋಗಲಿಲ್ಲ. ಸಲ್ಲದ ಅಭಿಮಾನ ಮಾತ್ರ ಹೋಯಿತು. ಸೋಲಿನಿಂದ ಕಳೆದುಕೊಳ್ಳತಕ್ಕದ್ದು ಅಷ್ಟೇ, ಕಾಯಕವನ್ನಲ್ಲ.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನೂ ಇಲ್ಲಿ ನೆನೆಯಬೇಕು. ಗಂಡನಾದ ಮಾರಯ್ಯ ಬಸವಣ್ಣನವರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳು. ಮತ್ತೊಮ್ಮೆ ಅವನು ಅನುಭಾವದ ಮಾತಿನಲ್ಲಿ ಮೈಮರೆತಾಗ ಕಾಯಕದ ಹೊತ್ತು ಮೀರಿತೆಂದು ಎಚ್ಚರಿಸಿದವಳೂ ಅವಳೇ. ಈ ಎರಡೂ ಎಚ್ಚರಿಕೆಗಳು ಪರೀಕ್ಷೆ ಬರೆಯುವವರಿಗೆ ಸಲ್ಲುತ್ತವೆ. ಪರದೇಶಕ್ಕೆ ಹೋಗಿ ದುಡಿದು ಮನೆಯ ಸಾಲ ತೀರಿಸುವ ಬಯಕೆ ಪಾಪವಲ್ಲ. ನ್ಯಾಯವಾದ ದುಡಿಮೆಯನ್ನು ಶರಣರು ಎಂದೂ ಹಳಿದಿಲ್ಲ. ಆದರೆ ಊರಿನ ಬಾಯಿ, ನೆಂಟರ ಮನೆಯ ಹೊಸ ತಾರಸಿ, ಯಾರದೋ ಮಗಳ ಡಾಲರು, ಇವೆಲ್ಲ ಸೇರಿ ಬಯಕೆಯ ಮೇಲೆ ಪೇರಿಸಿದ ಹೆಚ್ಚಿನ ಅಕ್ಕಿಯಿದೆಯಲ್ಲ, ಅದನ್ನು ಹಿಂದಕ್ಕೆ ಸುರಿದು ಬರಬೇಕು. ಆ ಭಾರವನ್ನು ಹೊತ್ತುಕೊಂಡು ಪರೀಕ್ಷೆಯ ಕೋಣೆಗೆ ಹೋದವಳ ಕೈ ನಡುಗದೆ ಇರುವುದು ಹೇಗೆ?

ಈಗ ಮತ್ತೆ ಬರೆಯುವ ಕ್ರಮದ ವಿಚಾರ. ಮಂಡ್ಯದ ಸೀಮೆಯಲ್ಲಿ ಕಬ್ಬಿನ ಕೂಳೆ ಎಂಬುದು ಮಕ್ಕಳಿಗೂ ತಿಳಿದ ಮಾತು. ಕಬ್ಬನ್ನು ಕಡಿದ ಮೇಲೆ ಗದ್ದೆ ಬೋಳಾಗಿ ಕಾಣುತ್ತದೆ. ಆದರೆ ಬೇರು ನೆಲದೊಳಗೆ ಜೀವಂತವಾಗಿರುತ್ತದೆ. ಅದು ತಾನಾಗಿ ಚಿಗುರುತ್ತದೆ. ಮತ್ತೆ ಬಿತ್ತನೆಯ ಖರ್ಚಿಲ್ಲ. ಹಾಗೆಂದು ರೈತನು ಕೈಕಟ್ಟಿ ಕೂತರೆ ಕೂಳೆಯ ಬೆಳೆ ಮೊದಲ ಬೆಳೆಗಿಂತ ಬಡವಾಗುತ್ತದೆ. ಕೂಳೆಯ ಮೇಲೆ ಕೂಳೆ ಬಿಟ್ಟಂತೆಲ್ಲ ಇಳುವರಿ ಇಳಿಯುತ್ತ ಹೋಗುತ್ತದೆ. ಬಲ್ಲ ರೈತನು ಮೊದಲು ಉಳಿದ ಮೋಟುಗಳನ್ನು ನೆಲಮಟ್ಟಕ್ಕೆ ಸವರುತ್ತಾನೆ. ಇಲ್ಲದಿದ್ದರೆ ಮೇಲಿನ ಗಿಣ್ಣಿನಿಂದ ಬಲವಿಲ್ಲದ ಚಿಗುರು ಬರುತ್ತದೆ. ಆಮೇಲೆ ಸತ್ತ ಬುಡಗಳು ಎಲ್ಲೆಲ್ಲಿವೆಯೆಂದು ಸಾಲು ಸಾಲಾಗಿ ನಡೆದು ನೋಡಿ, ಅಲ್ಲಿ ಮಾತ್ರ ಹೊಸ ಸಸಿ ನೆಡುತ್ತಾನೆ. ಬೇರಿಗೆ ಉಸಿರಾಡಲು ಮಣ್ಣು ಸಡಿಲಿಸಿ, ಹೊತ್ತಿಗೆ ಸರಿಯಾಗಿ ಗೊಬ್ಬರ ನೀರು ಕೊಡುತ್ತಾನೆ.

ಮರಳಿ ಪರೀಕ್ಷೆ ಬರೆಯುವುದೂ ಕೂಳೆಯ ಬೇಸಾಯವೇ. ಎನ್‌ಕ್ಲೆಕ್ಸ್ ಪರೀಕ್ಷೆಯಲ್ಲಿ ಮರಳಿ ಬರೆಯುವವರ ಉತ್ತೀರ್ಣತೆಯ ಪ್ರಮಾಣವು ಮೊದಲ ಸಲ ಬರೆಯುವವರ ಪ್ರಮಾಣಕ್ಕಿಂತ ಕಡಿಮೆಯೆಂಬುದು ಪರೀಕ್ಷೆ ನಡೆಸುವವರೇ ವರ್ಷ ವರ್ಷವೂ ಪ್ರಕಟಿಸುವ ಲೆಕ್ಕದಿಂದ ತಿಳಿಯುತ್ತದೆ. ಇದಕ್ಕೆ ವಿಧಿಯನ್ನು ದೂರಬೇಕಾಗಿಲ್ಲ. ಓದಿದ್ದನ್ನೇ ಓದಿದ ರೀತಿಯಲ್ಲಿಯೇ ಮತ್ತೆ ಓದಿ, ಬೇಗ ಮುಗಿಸಿಬಿಡಬೇಕೆಂಬ ಆತುರದಿಂದ ಹೋಗಿ ಕುಳಿತುಕೊಳ್ಳುವುದು ಮೋಟು ಸವರದೆ ಕೂಳೆ ಬಿಟ್ಟಂತೆ. ಆದುದರಿಂದ ಮುಚ್ಚಿಟ್ಟ ವರದಿಯನ್ನು ಬಿಡಿಸುವುದೇ ಮೊದಲ ಕಾರ್ಯ. ದುದ್ದದ ಆ ಮಗಳು ಒಂದು ದಿನ ಮನಸ್ಸು ಗಟ್ಟಿಮಾಡಿ ಮೂರು ವರದಿಗಳನ್ನೂ ಒಂದರ ಪಕ್ಕದಲ್ಲೊಂದನ್ನು ಇಟ್ಟು ನೋಡಿದಳೆನ್ನೋಣ. ಶುಚಿತ್ವ, ಸೋಂಕು ತಡೆಯುವುದು, ರೋಗಿಯ ಮನಸ್ಸಿನ ಆರೈಕೆ, ಇವುಗಳಲ್ಲಿ ಅವಳು ಮಟ್ಟಕ್ಕಿಂತ ಮೇಲೆ. ಔಷಧಗಳ ವಿಭಾಗದಲ್ಲಿ ಮೂರು ಸಲವೂ ಕೆಳಗೆ. ಯಾವ ರೋಗಿಯನ್ನು ಮೊದಲು ನೋಡಬೇಕೆಂದು ನಿರ್ಣಯಿಸುವ ವಿಭಾಗದಲ್ಲಿಯೂ ಕೆಳಗೆ. ಗದ್ದೆಯೆಲ್ಲ ಸತ್ತಿದೆಯೆಂದು ಅತ್ತವಳಿಗೆ, ಸತ್ತಿರುವುವು ಎರಡು ಸಾಲು ಮಾತ್ರವೆಂದು ಆಗ ತಿಳಿಯಿತು. ಅಲ್ಲಿ ಹೊಸ ಸಸಿ ನೆಟ್ಟರಾಯಿತು.

ಎರಡನೆಯ ವಿಭಾಗವನ್ನು ಒಂದು ಉದಾಹರಣೆಯಿಂದ ವಿವರಿಸಬಹುದು. ಒಂದೇ ಹೊತ್ತಿಗೆ ನಾಲ್ವರು ರೋಗಿಗಳು ಕರೆಯುತ್ತಿದ್ದಾರೆ. ಒಬ್ಬನಿಗೆ ಗಾಯದ ನೋವು. ಒಬ್ಬಳಿಗೆ ಮನೆಗೆ ಹೋಗುವ ಕಾಗದ ಬೇಕು. ಒಬ್ಬ ಊಟ ತಡವಾಯಿತೆಂದು ಗೊಣಗುತ್ತಿದ್ದಾನೆ. ಶಸ್ತ್ರಚಿಕಿತ್ಸೆಯಾಗಿ ಎರಡು ದಿನವಾದ ಮತ್ತೊಬ್ಬನಿಗೆ ಇದ್ದಕ್ಕಿದ್ದಂತೆ ಉಸಿರು ಕಟ್ಟುತ್ತಿದೆ. ಯಾರ ಬಳಿಗೆ ಮೊದಲು ಹೋಗಬೇಕು? ವಾರ್ಡಿನಲ್ಲಿ ಆ ಮಗಳನ್ನು ಯಾರೂ ಹೀಗೆ ಕೇಳಬೇಕಾಗಿಲ್ಲ. ಉಸಿರು ಕಟ್ಟಿದವನ ಬಳಿಗೆ ಅವಳ ಕಾಲು ತಾನಾಗಿ ಓಡುತ್ತದೆ. ಅದೇ ಮಗಳು ಪರೀಕ್ಷೆಯ ಕೋಣೆಯಲ್ಲಿ ಅದೇ ಪ್ರಶ್ನೆಗೆ ನೋವಿನವನನ್ನು ಆರಿಸಿದಳು. ಏಕೆ? ವಾರ್ಡಿನಲ್ಲಿ ಅವಳು ರೋಗಿಯ ಉಸಿರನ್ನು ಕೇಳುತ್ತಾಳೆ. ಪರೀಕ್ಷೆಯ ಕೋಣೆಯಲ್ಲಿ ತನ್ನ ಎದೆಯ ಬಡಿತವನ್ನೇ ಕೇಳುತ್ತಾಳೆ. ಇಂಗ್ಲಿಷಿನ ವಾಕ್ಯವನ್ನು ಕೊನೆಯವರೆಗೆ ಓದುವ ಮೊದಲೇ ಸೋಲಿನ ನೆನಪು ಅಡ್ಡ ಬರುತ್ತದೆ. ಅಲ್ಲಿಯೂ ಪ್ರಶ್ನೆಯನ್ನು ಪ್ರಶ್ನೆಯೆಂದು ಓದದೆ, ಹಾಸಿಗೆಯಲ್ಲಿ ಮಲಗಿದವನ ದನಿಯೆಂದು ಕೇಳುವ ಅಭ್ಯಾಸವೇ ಅವಳಿಗೆ ಬೇಕಾದುದು. ದಿನವೂ ನಿಯಮದಿಂದ ಇಂತಹ ಪ್ರಶ್ನೆಗಳನ್ನು ಬಿಡಿಸಿ, ತಪ್ಪಿದ ಪ್ರತಿಯೊಂದಕ್ಕೂ ಏಕೆ ತಪ್ಪಿತೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಉತ್ತಮ ಮಾರ್ಗ. ತಿಳಿಯದೆ ತಪ್ಪಿತೋ, ತಿಳಿದೂ ಆತುರದಿಂದ ತಪ್ಪಿತೋ, ಭಾಷೆ ಅರ್ಥವಾಗದೆ ತಪ್ಪಿತೋ? ಈ ಮೂರಕ್ಕೂ ಮದ್ದು ಬೇರೆ ಬೇರೆ. ರೋಗವನ್ನು ಗುರುತಿಸದೆ ಮದ್ದು ಕೊಡುವುದು ಶುಶ್ರೂಷೆ ಕಲಿತವರಿಗೆ ತಕ್ಕುದಲ್ಲ. ಆ ರೋಗಿ ತಾನೇ ಆಗಿದ್ದರೂ ಸರಿ.

ಇದುವರೆಗೆ ಹೇಳಿದ್ದು ಬರೆಯುವವರ ಧರ್ಮ. ಮನೆಯವರಿಗೂ ಒಂದು ಧರ್ಮವುಂಟು. ಶುಶ್ರೂಷೆಯೆಂದರೆ ಕೇಳುವ ಬಯಕೆಯೆಂದಾದರೆ, ಸೋತು ಬಂದ ಮಗಳಿಗೆ ತಂದೆತಾಯಿಗಳು ಮಾಡಬೇಕಾದುದೂ ಶುಶ್ರೂಷೆಯೇ. ಫಲವೇನೆಂದು ಕೇಳುವುದು ಬೇರೆ. ಅವಳನ್ನು ಕೇಳುವುದು ಬೇರೆ. "ಆಯ್ತಾ?" ಎಂಬ ಪ್ರಶ್ನೆಗೆ ಎರಡೇ ಉತ್ತರ. "ಉಂಡೆಯಾ, ಮಲಗಿದೆಯಾ, ರಾತ್ರಿ ಪಾಳಿ ಹೇಗಿತ್ತವ್ವ?" ಎಂಬ ಪ್ರಶ್ನೆಗೆ ಒಂದು ಮನಸ್ಸೇ ಉತ್ತರವಾಗಿ ಬರುತ್ತದೆ. ಆ ಮಗಳು ಕಡೆಗೆ ತಾಯಿಯ ಮುಂದೆ ನಿಜವನ್ನು ಹೇಳಿದಾಗ ತಾಯಿ ಸಾಲದ ಮಾತನ್ನೆತ್ತದೆ, "ನೀ ಬಚ್ಚಿಟ್ಟದ್ದಕ್ಕೆ ಬೇಜಾರು ಕಣವ್ವ, ಫೇಲಾದ್ದಕ್ಕಲ್ಲ" ಎಂದಳಾದರೆ, ನೂರು ಧರ್ಮೋಪದೇಶಗಳಿಂದ ಆಗದ ಕೆಲಸ ಆ ಒಂದು ಮಾತಿನಿಂದ ಆಗುತ್ತದೆ.

ಕೆಲವರಲ್ಲಿ ಈ ದುಃಖ ಆಳಕ್ಕಿಳಿದು, ಊಟ ನಿದ್ರೆಗಳು ಕೆಟ್ಟು, ಬದುಕೇ ಬೇಡವೆಂಬ ಯೋಚನೆ ತಲೆಯೆತ್ತಬಹುದು. ಅದನ್ನು ದುರ್ಬಲತೆಯೆಂದು ಜರೆಯಬಾರದು. ದೇವರ ಮೇಲೆ ಭಾರ ಹಾಕೆಂದು ಹೇಳಿ ಸುಮ್ಮನಾಗಲೂಬಾರದು. ಮೈಗೆ ಜ್ವರ ಬಂದಾಗ ವೈದ್ಯರಿದ್ದಾರೆ; ಮನಸ್ಸಿಗೆ ಜ್ವರ ಬಂದಾಗಲೂ ಇದ್ದಾರೆ. ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಎಂಬ ಸೇವೆಯಲ್ಲಿ 14416 ಎಂಬ ಸಂಖ್ಯೆಗೆ ಹಗಲಿರುಳೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಕಲ್ಯಾಣದ ಶರಣಸಮೂಹದಲ್ಲಿ ವೈದ್ಯ ಸಂಗಣ್ಣನೆಂಬ ಶರಣನೂ ಇದ್ದನೆಂಬುದನ್ನು ಮರೆಯಬಾರದು. ಭಕ್ತಿಯಿದ್ದಲ್ಲಿ ಮದ್ದು ಬೇಡವೆಂದು ಶರಣರು ಎಣಿಸಿದ್ದರೆ ವೈದ್ಯನ ಕಾಯಕಕ್ಕೆ ಅಲ್ಲಿ ಸ್ಥಾನವೆಲ್ಲಿರುತ್ತಿತ್ತು?

ಕಟ್ಟಕಡೆಗೆ ಒಂದು ಪ್ರಶ್ನೆ ಉಳಿಯುತ್ತದೆ. ಎಷ್ಟು ಸಲ ಬರೆಯಬೇಕು? ಇದಕ್ಕೆ ಶಾಸ್ತ್ರದಲ್ಲಿ ಸಂಖ್ಯೆಯಿಲ್ಲ. ಬೇರು ಜೀವಂತವಾಗಿದ್ದು, ಸಾಲುಗಳನ್ನು ನೋಡಿ ಸಸಿ ನೆಡುವ ತಾಳ್ಮೆಯಿದ್ದು, ಮನೆ ಸಾಲದಲ್ಲಿ ಮುಳುಗದಿರುವವರೆಗೆ ಬರೆಯಬಹುದು. ಕೂಳೆ ಸಾಕೆಂದು ಕಂಡಾಗ ರೈತನು ಬೇರು ಕಿತ್ತು ಅದೇ ಹೊಲದಲ್ಲಿ ಬೇರೆ ಬೆಳೆಯಿಡುತ್ತಾನೆ. ಹೊಲವನ್ನು ಬಿಟ್ಟು ಓಡಿಹೋಗುವುದಿಲ್ಲ. ಹಾಗೆಯೇ ಪರದೇಶದ ಪರೀಕ್ಷೆಯನ್ನು ಕೆಳಗಿಟ್ಟವಳು ಕಾಯಕವನ್ನು ಕೆಳಗಿಟ್ಟವಳಲ್ಲ. ಅವಳ ಹೆಸರು ರಾಜ್ಯದ ಪುಸ್ತಕದಲ್ಲಿದೆ. ಮಂಡ್ಯದ ಆಸ್ಪತ್ರೆಗಳಲ್ಲಿಯೂ ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿಯೂ ಅವಳ ಕಿವಿಗಾಗಿ ಕಾದು ಮಲಗಿರುವವರು ಇದ್ದೇ ಇದ್ದಾರೆ. ಅಲ್ಲಿ ಸಂಬಳ ಕಡಿಮೆಯಿರಬಹುದು. ಉಸಿರು ಕಟ್ಟಿದವನ ಉಸಿರಿನ ಬೆಲೆ ಕಡಿಮೆಯಲ್ಲ.

ಆದುದರಿಂದ ಒರೆಗಲ್ಲಿಗೆ ಅಂಜಬೇಕಾಗಿಲ್ಲ, ಅದನ್ನು ಹಳಿಯಬೇಕಾಗಿಲ್ಲ, ಅದರ ಮುಂದೆ ತಲೆ ಒಡೆದುಕೊಳ್ಳಬೇಕಾಗಿಯೂ ಇಲ್ಲ. ಅದು ಹೇಳುವ ಮಾತನ್ನು ಕೇಳಿ, ಕುಂದಿದ್ದಷ್ಟನ್ನು ತಿದ್ದಿಕೊಂಡು, ಕುಂದದೆ ಉಳಿದಿರುವುದನ್ನು ಜೋಪಾನ ಮಾಡಬೇಕು. ಸೋತ ದಿನದ ರಾತ್ರಿಯೂ ಪಾಳಿಗೆ ಹೋಗಿ, ನರಳುವವನ ತುಟಿಗೆ ನೀರು ಮುಟ್ಟಿಸಿದ ಕೈ ಯಾವ ಪಟ್ಟಿಯಲ್ಲಿ ಅನುತ್ತೀರ್ಣವೆನಿಸಿದರೂ ಜಂಗಮದ ಪಟ್ಟಿಯಲ್ಲಿ ಹಾಗೆನಿಸದು. ಅಂತಹ ಕೈಗಳಿಗೆ ತಿಳಿವಿನ ಬಲವೂ, ಅವುಗಳನ್ನು ಹಿಡಿದು ನಡೆಸುವ ಮನೆಯವರಿಗೆ ಕೇಳುವ ಕಿವಿಯೂ ದೊರೆಯಲಿ. ಶಿವನು ಸರ್ವರಿಗೂ ಒಳಿತನ್ನು ಮಾಡಲಿ.